ಅಲ್ಯೂಮಿನಿಯಂ ಮತ್ತು ಮರೆವು: ಅನುಮಾನ ಪಾತ್ರೆಯ ಮೇಲೆ, ಉತ್ತರ ಕಿಡ್ನಿಯಲ್ಲಿ

1970ರ ದಶಕದ ಆರಂಭದಲ್ಲಿ ಅಮೆರಿಕದ ಡೆನ್ವರ್ ನಗರದ ವೈದ್ಯರು ಡಯಾಲಿಸಿಸ್ ರೋಗಿಗಳಲ್ಲಿ ಒಂದು ವಿಚಿತ್ರ ಕಾಯಿಲೆಯನ್ನು ಕಂಡರು. ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡು ಚೆನ್ನಾಗಿಯೇ ಇದ್ದವರು ಇದ್ದಕ್ಕಿದ್ದಂತೆ ಮಾತಿನ ನಡುವೆ ತಡವರಿಸುತ್ತಿದ್ದರು. ಮೊದಮೊದಲು ಡಯಾಲಿಸಿಸ್ ಮುಗಿದ ಮೇಲಿನ ಕೆಲವು ಗಂಟೆ ಮಾತ್ರ, ಆಮೇಲೆ ದಿನವಿಡೀ. ಬರಬರುತ್ತ ಸ್ನಾಯುಗಳು ತಟ್ಟನೆ ಜಗ್ಗುವುದು, ಮರೆವು, ಫಿಟ್ಸ್, ಕೆಲವೇ ತಿಂಗಳಲ್ಲಿ ಸಾವು. ಅಲ್ಲಿನ ವೈದ್ಯ ಆಲ್ಫ್ರೆ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಳತೆಗಳು ಕಾರಣದ ಕಡೆಗೆ ಬೆರಳು ತೋರಿಸಿದವು. ಸತ್ತವರ ಮೆದುಳಿನ ಬೂದು ದ್ರವ್ಯದಲ್ಲಿ, ಒಣತೂಕದ ಒಂದು ಕಿಲೋಗೆ ಸುಮಾರು 25 ಮಿಲಿಗ್ರಾಂ ಅಲ್ಯೂಮಿನಿಯಂ ಇತ್ತು. ಹೋಲಿಕೆಗೆ ತೆಗೆದುಕೊಂಡ ಮೆದುಳುಗಳಲ್ಲಿ ಇದ್ದದ್ದು 2 ಮಿಲಿಗ್ರಾಂ ಆಸುಪಾಸು.

ಅಲ್ಯೂಮಿನಿಯಂ ಮೆದುಳಿಗೆ ವಿಷವೇ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಸಿಕ್ಕು ಸುಮಾರು ಅರ್ಧ ಶತಮಾನವಾಯಿತು. ಅದರಲ್ಲಿ ಈಗ ವಿವಾದವಿಲ್ಲ. ಜನರನ್ನು ಕಾಡುವ ಪ್ರಶ್ನೆ ಬೇರೆ: ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿ ಉಂಡರೆ ಅಲ್ಜೀಮರ್ಸ್ ಬರುತ್ತದೆಯೇ? ಎರಡೂ ಒಂದೇ ಪ್ರಶ್ನೆಯಂತೆ ಕೇಳಿಸುತ್ತವೆ, ಆದರೆ ಅವುಗಳ ನಡುವೆ ಎರಡು ಕಾವಲುಗಾರರು ನಿಂತಿದ್ದಾರೆ. ಒಂದು ಕರುಳು, ಇನ್ನೊಂದು ಕಿಡ್ನಿ. ಇವೆರಡೂ ಸರಿಯಿದ್ದವರ ಲೆಕ್ಕವೇ ಬೇರೆ. ಇವುಗಳಲ್ಲಿ ಒಂದು ಕೈಕೊಟ್ಟರೆ ಅಥವಾ ಚಿಕಿತ್ಸೆಯೇ ಅದನ್ನು ತಪ್ಪಿಸಿ ಒಳಹೊಕ್ಕರೆ ಲೆಕ್ಕ ತಲೆಕೆಳಗಾಗುತ್ತದೆ. ಅಂತರ್ಜಾಲದಲ್ಲಿ ಮಾರಾಟವಾಗುವ ಬಹುತೇಕ "ಅಲ್ಯೂಮಿನಿಯಂ ಡಿಟಾಕ್ಸ್" ಈ ಎರಡು ಲೆಕ್ಕಗಳನ್ನು ಬೇಕೆಂದೇ ಕಲಸಿಬಿಡುತ್ತದೆ.

ದಾರಿಯ ಲೆಕ್ಕ

ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇಕಡಾ 8 ಅಲ್ಯೂಮಿನಿಯಂ. ಮಣ್ಣಿನಲ್ಲಿದೆ, ಧೂಳಿನಲ್ಲಿದೆ, ಸೊಪ್ಪಿನಲ್ಲಿದೆ, ಚಹಾ ಎಲೆಯಲ್ಲಂತೂ ಹೇರಳವಾಗಿದೆ. ದಿನಕ್ಕೆ ಕೆಲವು ಮಿಲಿಗ್ರಾಂ ಹೊಟ್ಟೆಗೆ ಹೋಗುವುದನ್ನು ಯಾರೂ ತಪ್ಪಿಸಲಾಗದು. ಆದರೆ ಹೊಟ್ಟೆಗೆ ಹೋದದ್ದೆಲ್ಲ ರಕ್ತಕ್ಕೆ ಹೋಗುವುದಿಲ್ಲ. ಆಹಾರದಲ್ಲಿನ ಅಲ್ಯೂಮಿನಿಯಂ ಕರುಳಿನಲ್ಲಿ ಹೀರಿಕೆಯಾಗುವುದು ಸುಮಾರು ಶೇಕಡಾ 0.1, ನೀರಿನಲ್ಲಿ ಕರಗಿದ್ದು ಹೆಚ್ಚೆಂದರೆ ಶೇಕಡಾ 0.3. ದಿನಕ್ಕೆ 10 ಮಿಲಿಗ್ರಾಂ ತಿಂದವರ ರಕ್ತಕ್ಕೆ ಸೇರುವುದು 10 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಲಕ್ಷದಲ್ಲಿ ಒಂದು ಪಾಲು. ಅದರಲ್ಲಿಯೂ ಬಹುಪಾಲನ್ನು ಕಿಡ್ನಿ ಮೂತ್ರಕ್ಕೆ ಸಾಗಿಸುತ್ತದೆ. ಉಳಿದದ್ದು ಮೂಳೆ, ಶ್ವಾಸಕೋಶಗಳಲ್ಲಿ ಕೂರುತ್ತದೆ. ಆರೋಗ್ಯವಂತ ವಯಸ್ಕರ ಇಡೀ ದೇಹದಲ್ಲಿ ಇರುವುದು 30ರಿಂದ 50 ಮಿಲಿಗ್ರಾಂ. ಅದರಲ್ಲಿ ಮೆದುಳಿನ ಪಾಲು ತೀರಾ ಸಣ್ಣದು.

ಈಗ ಡಯಾಲಿಸಿಸ್ ರೋಗಿಯನ್ನು ನೋಡಿ. ಯಂತ್ರದಲ್ಲಿ ನಿಮಿಷಕ್ಕೆ 500 ಮಿಲಿಲೀಟರ್ ದ್ರಾವಣ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್, ವಾರಕ್ಕೆ ಮೂರು ಸಲ ಅಂದರೆ 360 ಲೀಟರ್. ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಅಲ್ಯೂಮಿನಿಯಂ ಇದೆ ಎಂದುಕೊಳ್ಳಿ. ಕುಡಿಯುವ ನೀರಿಗೆ ಹಲವು ಕಡೆ ಒಪ್ಪಿತವಾದ ಮಿತಿಯೇ ಅದು. ದಿನಕ್ಕೆ ಎರಡು ಲೀಟರ್ ಕುಡಿದವರ ರಕ್ತಕ್ಕೆ ಸೇರುವುದು ಒಂದೂ ಕಾಲು ಮೈಕ್ರೋಗ್ರಾಂ. ಅದೇ ನೀರು ಡಯಾಲಿಸಿಸ್‌ಗೆ ಬಳಕೆಯಾದರೆ ಒಂದೇ ಸರದಿಯಲ್ಲಿ 24 ಮಿಲಿಗ್ರಾಂ ಅಲ್ಯೂಮಿನಿಯಂ ತೆಳುಪೊರೆಯ ಆಚೆ ಬದಿಯಲ್ಲಿ, ರಕ್ತಕ್ಕೆ ಕೂದಲೆಳೆಯ ಅಂತರದಲ್ಲಿ ಹಾದುಹೋಗುತ್ತದೆ. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಇದೆ, ಅದರ ಕೆಲಸ ಕಬ್ಬಿಣ ಹೊರುವುದು. ಅದರ ಆಸನಗಳಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಮಾತ್ರ ಕಬ್ಬಿಣದಿಂದ ತುಂಬಿರುತ್ತದೆ. ಖಾಲಿ ಆಸನದಲ್ಲಿ ಅಲ್ಯೂಮಿನಿಯಂ ಬಂದು ಕೂರುತ್ತದೆ, ಕೂತದ್ದು ಪೊರೆ ದಾಟಿ ಹಿಂದಿರುಗುವುದಿಲ್ಲ. ಹೀಗಾಗಿ ದ್ರಾವಣದಲ್ಲಿ ಅಲ್ಯೂಮಿನಿಯಂ ಕಡಿಮೆ ಇದ್ದಾಗಲೂ ಅದು ರಕ್ತದತ್ತಲೇ ಸಾಗುತ್ತದೆ. ಕಬ್ಬಿಣದ ಕೊರತೆ ಇರುವವರಲ್ಲಿ ಖಾಲಿ ಆಸನಗಳು ಇನ್ನೂ ಹೆಚ್ಚು. ಮೂತ್ರವೇ ಹೋಗದ ರೋಗಿಯಲ್ಲಿ ಇದೆಲ್ಲ ಹೊರಹೋಗಲು ದಾರಿಯೇ ಇರುವುದಿಲ್ಲ.

ಈ ಕಾರಣಕ್ಕೆ ಡಯಾಲಿಸಿಸ್ ನೀರಿಗೆ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಕುಡಿಯುವ ನೀರಿನ ಇಪ್ಪತ್ತರಲ್ಲಿ ಒಂದು ಭಾಗ. ರಿವರ್ಸ್ ಆಸ್ಮೋಸಿಸ್ ಘಟಕವಿಲ್ಲದೆ ಅದನ್ನು ಖಚಿತವಾಗಿ ಸಾಧಿಸಲಾಗದು. ಘಟಕ ಇದ್ದ ಮಾತ್ರಕ್ಕೆ ಮುಗಿಯಿತು ಎಂದುಕೊಂಡವರೂ ಎಡವಿದ್ದಾರೆ. ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದಲ್ಲಿ 1996ರಲ್ಲಿ ಹೊಸ ಕೊಳವೆಯೊಂದನ್ನು ಹಾಕಿದರು. ಅದರ ಒಳಮೈಗೆ ಸಿಮೆಂಟ್ ಗಾರೆ ಬಳಿದಿತ್ತು. ಖನಿಜಾಂಶ ಕಡಿಮೆಯಿದ್ದ ಮೆದುನೀರು ಆ ಗಾರೆಯಿಂದ ಅಲ್ಯೂಮಿನಿಯಂ ಕರಗಿಸಿಕೊಂಡು ಡಯಾಲಿಸಿಸ್ ಕೇಂದ್ರಕ್ಕೆ ಹರಿಯಿತು. 27 ರೋಗಿಗಳಲ್ಲಿ 10 ಮಂದಿ ಸತ್ತರು. ಅಮೆರಿಕದ ವಯೋಮಿಂಗ್‌ನಲ್ಲಿ 2007ರಲ್ಲಿ ರೋಗಿಗಳ ರಕ್ತದಲ್ಲಿ ಅಲ್ಯೂಮಿನಿಯಂ ಏರಿದ್ದಕ್ಕೆ ಸಿಕ್ಕ ಕಾರಣ ನೀರಲ್ಲ, ಆಮ್ಲೀಯ ಸಾಂದ್ರ ದ್ರಾವಣವನ್ನು ಪೀಪಾಯಿಯಿಂದ ಎತ್ತಲು ಬಳಸಿದ ವಿದ್ಯುತ್ ಪಂಪು. ಅದರ ಭಾಗಗಳು ಅಲ್ಯೂಮಿನಿಯಂನವು. ಆಮ್ಲ ಅವನ್ನು ಕರಗಿಸುತ್ತಿತ್ತು. ಘಟಕದ ಗೋಡೆಯ ಮೇಲಿನ, ನೀರಿನ ಒಟ್ಟು ಲವಣಾಂಶ ಸೂಚಿಸುವ ವಾಹಕತೆ ಮಾಪಕ ಇಂಥದ್ದನ್ನು ತೋರಿಸುವುದಿಲ್ಲ. ಮೈಕ್ರೋಗ್ರಾಂ ಮಟ್ಟದ ಅಲ್ಯೂಮಿನಿಯಂ ಬೇರೆ ಲವಣಗಳ ನಡುವೆ ಅಡಗಿಹೋಗುತ್ತದೆ. ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಯಂತ್ರಕ್ಕೆ ಸೇರುವ ಬಿಂದುವಿನಲ್ಲಿ ತೆಗೆದ ಮಾದರಿಯೂ ಬೇಕು, ಘಟಕದ ಬಾಯಲ್ಲಿ ತೆಗೆದದ್ದೊಂದೇ ಸಾಲದು.

ಮೆದುಳಿನೊಳಗೆ ಏನಾಗುತ್ತದೆ

ಅಲ್ಯೂಮಿನಿಯಂ ಅಯಾನು ತೀರಾ ಸಣ್ಣದು, ಮೂರು ಧನ ವಿದ್ಯುದಂಶ ಹೊತ್ತದ್ದು. ಗಾತ್ರದಲ್ಲಿ ಕಬ್ಬಿಣ, ಮೆಗ್ನೀಸಿಯಂಗಳಿಗೆ ಹತ್ತಿರ. ಕಬ್ಬಿಣದ ವೇಷದಲ್ಲಿ, ಟ್ರಾನ್ಸ್‌ಫೆರಿನ್ ಬೆನ್ನೇರಿ ಮೆದುಳಿನ ರಕ್ತನಾಳದ ತಡೆಗೋಡೆ ದಾಟುತ್ತದೆ. ಸಿಟ್ರೇಟ್ (ನಿಂಬೆಹುಳಿಯ ಲವಣ) ಜೊತೆ ಸೇರಿಯೂ ದಾಟುತ್ತದೆ. ಒಳಗೆ ಹೋದ ಮೇಲೆ ಮೆಗ್ನೀಸಿಯಂ ಕೂರಬೇಕಾದ ಜಾಗದಲ್ಲಿ ಕೂರುತ್ತದೆ. ಜೀವಕೋಶದ ಶಕ್ತಿನಾಣ್ಯವಾದ ಎಟಿಪಿ ಕೆಲಸ ಮಾಡುವುದು ಮೆಗ್ನೀಸಿಯಂ ಜೊತೆಗಿದ್ದಾಗ. ಮೆಗ್ನೀಸಿಯಂನ ಗುಣವೆಂದರೆ ಚುರುಕು: ತನ್ನ ಸುತ್ತಲಿನ ನೀರಿನ ಅಣುಗಳನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಬದಲಾಯಿಸಿಕೊಳ್ಳುತ್ತದೆ, ಹಿಡಿದದ್ದನ್ನು ಬಿಟ್ಟು ಮುಂದಿನ ಕೆಲಸಕ್ಕೆ ಹೋಗುತ್ತದೆ. ಅಲ್ಯೂಮಿನಿಯಂ ಅದೇ ಕೆಲಸವನ್ನು ಸೆಕೆಂಡಿಗೆ ಒಂದೆರಡು ಸಲ ಮಾಡೀತು, ಅಷ್ಟೇ. ಫಾಸ್ಫೇಟನ್ನು ಹಿಡಿದರೆ ಬಿಡುವುದಿಲ್ಲ. ಕೀಲಿರಂಧ್ರದಲ್ಲಿ ಮುರಿದು ಸಿಕ್ಕಿಕೊಂಡ ಕೀಲಿಯ ಹಾಗೆ.

ಉಳಿದ ಹಾನಿ ಇದರಿಂದಲೇ ಕವಲೊಡೆಯುತ್ತದೆ. ಗ್ಲೂಕೋಸ್ ಬಳಕೆಯ ಕಿಣ್ವಗಳು ನಿಧಾನವಾಗುತ್ತವೆ. ನೆನಪಿಗೆ ಮುಖ್ಯವಾದ ಅಸಿಟೈಲ್‌ಕೋಲಿನ್ ವ್ಯವಸ್ಥೆ ಸೊರಗುತ್ತದೆ. ಅಲ್ಯೂಮಿನಿಯಂ ತಾನಾಗಿ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಲೋಹವಲ್ಲ, ಆದರೂ ಕಬ್ಬಿಣದ ಮೂಲಕ ಹುಟ್ಟುವ ಉತ್ಕರ್ಷಣ ಹಾನಿಯನ್ನು ಹೆಚ್ಚಿಸುತ್ತದೆ. ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ, ಅಂದರೆ ಹೊಸ ನೆನಪು ಅಚ್ಚಾಗುವ ಜಾಗದಲ್ಲಿ, ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುವ ಕ್ರಿಯೆ ಕುಂದುವುದನ್ನು ಅಳೆದು ತೋರಿಸಿದ್ದಾರೆ. ಪ್ರನಾಳದಲ್ಲಿ, ಅಲ್ಜೀಮರ್ಸ್ ಮೆದುಳಿನಲ್ಲಿ ಗಡ್ಡೆ, ಗೋಜಲುಗಳಾಗುವ ಅಮೈಲಾಯ್ಡ್ ಮತ್ತು ಟೌ ಪ್ರೋಟೀನ್‌ಗಳು ಅಲ್ಯೂಮಿನಿಯಂ ಇದ್ದಾಗ ಬೇಗ ಉಂಡೆಗಟ್ಟುತ್ತವೆ. ಅಲ್ಜೀಮರ್ಸ್ ಜೊತೆ ಅಲ್ಯೂಮಿನಿಯಂ ಹೆಸರು ತಳುಕು ಹಾಕಿಕೊಳ್ಳಲು ಈ ಕೊನೆಯ ಸಂಗತಿಯೂ ಒಂದು ಕಾರಣ.

ಅಲ್ಜೀಮರ್ಸ್ ಅನುಮಾನ ಹುಟ್ಟಿದ್ದು, ಸೊರಗಿದ್ದು

1965ರಲ್ಲಿ ಮೊಲಗಳ ಮೆದುಳಿಗೆ ಅಲ್ಯೂಮಿನಿಯಂ ಲವಣ ಚುಚ್ಚಿದಾಗ ನರಕೋಶಗಳೊಳಗೆ ಎಳೆಗಳ ಗೋಜಲು ಕಾಣಿಸಿತು. ನೋಟಕ್ಕೆ ಅಲ್ಜೀಮರ್ಸ್ ಗೋಜಲಿನಂತೆಯೇ ಇತ್ತು. 1973ರಲ್ಲಿ ಕೆನಡಾದ ಕ್ರ್ಯಾಪರ್ ತಂಡ ಅಲ್ಜೀಮರ್ಸ್‌ನಿಂದ ಸತ್ತವರ ಮೆದುಳಿನಲ್ಲಿ ಅಲ್ಯೂಮಿನಿಯಂ ಹೆಚ್ಚಿದೆ ಎಂದು ವರದಿ ಮಾಡಿತು. ಎರಡನ್ನೂ ಜೋಡಿಸಿದರೆ ಕತೆ ಪೂರ್ತಿಯಾದಂತೆ ಕಾಣುತ್ತಿತ್ತು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೋಲಿಕೆ ಮುರಿಯಿತು. ಮೊಲದ ಗೋಜಲು ನರತಂತು ಪ್ರೋಟೀನಿನ ನೇರ ಎಳೆಗಳದ್ದು. ಮನುಷ್ಯರ ಅಲ್ಜೀಮರ್ಸ್ ಗೋಜಲು ಟೌ ಪ್ರೋಟೀನಿನದು, ಎರಡೆಳೆ ಹೊಸೆದ ಹಗ್ಗದಂಥದ್ದು. ಡಯಾಲಿಸಿಸ್ ಡಿಮೆನ್ಷಿಯಾದಿಂದ (ಡೆನ್ವರ್‌ನಲ್ಲಿ ಕಂಡ ಆ ಮರೆವಿನ ಕಾಯಿಲೆಯಿಂದ) ಸತ್ತವರ ಮೆದುಳಿನಲ್ಲಿ, ಅಲ್ಯೂಮಿನಿಯಂ ಹತ್ತುಪಟ್ಟು ಇದ್ದಾಗಲೂ, ಅಲ್ಜೀಮರ್ಸ್‌ನ ವಿಶಿಷ್ಟ ಚಿತ್ರ ಮೂಡುತ್ತಿರಲಿಲ್ಲ. ನನ್ನ ಮಟ್ಟಿಗೆ ಇಡೀ ವಾದದಲ್ಲಿ ತೂಕವಿರುವ ಸಾಕ್ಷ್ಯ ಇದೇ. ಅಲ್ಯೂಮಿನಿಯಂ ಒಂದೇ ಸಾಕಾಗಿದ್ದರೆ ಅತಿ ಹೆಚ್ಚು ಹೊತ್ತವರಲ್ಲಿ ಆ ರೋಗ ಎದ್ದು ಕಾಣಬೇಕಿತ್ತು. 1992ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಬಣ್ಣ ಹಾಕದ ಮೆದುಳಿನ ತೆಳುಹೋಳುಗಳನ್ನು ನ್ಯೂಕ್ಲಿಯರ್ ಸೂಕ್ಷ್ಮದರ್ಶಕದಿಂದ ನೋಡಿದರು. ಅಮೈಲಾಯ್ಡ್ ಗಡ್ಡೆಗಳ ತಿರುಳಿನಲ್ಲಿ ಅಲ್ಯೂಮಿನಿಯಂ ಇರಲಿಲ್ಲ. ಹಿಂದೆ ಕಂಡದ್ದರಲ್ಲಿ ಒಂದು ಪಾಲು ಬಣ್ಣ, ರಾಸಾಯನಿಕ, ಧೂಳಿನಿಂದ ಬಂದ ಮಾಲಿನ್ಯವಾಗಿರಬೇಕೆಂಬ ಅನುಮಾನ ಬಲವಾಯಿತು.

ಹಾಗಂತ ಕಡತ ಮುಚ್ಚಿಹೋಗಿಲ್ಲ. ಫ್ರಾನ್ಸ್‌ನಲ್ಲಿ ವಯಸ್ಸಾದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಪಾಕ್ವಿಡ್ ಅಧ್ಯಯನದಲ್ಲಿ, ಕುಡಿಯುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂಗಿಂತ ಹೆಚ್ಚು ಅಲ್ಯೂಮಿನಿಯಂ ಇದ್ದ ಕಡೆ ಡಿಮೆನ್ಷಿಯಾ ಸುಮಾರು ದುಪ್ಪಟ್ಟು ಕಂಡುಬಂತು. ಸಿಲಿಕಾ ಹೆಚ್ಚಿದ್ದ ನೀರು ಕುಡಿದವರಲ್ಲಿ ಕಡಿಮೆ. ಈ ಫಲಿತಾಂಶ ಒಂದು ಒಗಟು. ನೀರಿನಿಂದ ಬರುವ ಅಲ್ಯೂಮಿನಿಯಂ ಒಟ್ಟು ಸೇವನೆಯಲ್ಲಿ ಸಣ್ಣ ಪಾಲು. ಇತ್ತ ಆಮ್ಲಶಾಮಕ ಮಾತ್ರೆ ನುಂಗುವವರನ್ನು ನೋಡಿ: ಅಲ್ಯೂಮಿನಿಯಂ ಹೈಡ್ರಾಕ್ಸೈಡ್ 600 ಮಿಲಿಗ್ರಾಂ ಇರುವ ಒಂದು ಮಾತ್ರೆಯಲ್ಲೇ 200 ಮಿಲಿಗ್ರಾಂ ಅಲ್ಯೂಮಿನಿಯಂ, ಅಂದರೆ ಊಟದಿಂದ ಬರುವುದರ ಎಷ್ಟೋ ಪಟ್ಟು. ಅವರಲ್ಲಿ ಅಲ್ಜೀಮರ್ಸ್ ಹೆಚ್ಚಿದೆಯೇ ಎಂದು ನೋಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ನಂಟು ಸಿಗಲಿಲ್ಲ. ನೀರಿನ ಫಲಿತಾಂಶವನ್ನು ನಂಬುವವರು ಮಾತ್ರೆಯ ಫಲಿತಾಂಶಕ್ಕೂ ಉತ್ತರ ಕೊಡಬೇಕಾಗುತ್ತದೆ.

ಇಂಗ್ಲೆಂಡಿನ ಕ್ಯಾಮೆಲ್‌ಫರ್ಡ್ ಪ್ರಕರಣವನ್ನೂ ಇಲ್ಲಿ ಎತ್ತುತ್ತಾರೆ. 1988ರ ಜುಲೈ 6ರಂದು 20 ಟನ್ ಅಲ್ಯೂಮಿನಿಯಂ ಸಲ್ಫೇಟನ್ನು ತಪ್ಪಿ ಬೇರೆ ತೊಟ್ಟಿಗೆ ಸುರಿದರು. ಸುಮಾರು 20,000 ಜನರ ನಲ್ಲಿಗೆ ಆಮ್ಲೀಯ ನೀರು ಹರಿದು, ಕೊಳವೆಗಳ ತಾಮ್ರವನ್ನೂ ಕರಗಿಸಿಕೊಂಡು ಹೋಯಿತು. ವಾಂತಿ, ಬಾಯಿಹುಣ್ಣು, ಚರ್ಮದ ದದ್ದು ನಿಜ. ದೀರ್ಘಕಾಲದ ಹಾನಿಯ ಸಾಧ್ಯತೆ ಕಡಿಮೆ ಎಂದು 2013ರಲ್ಲಿ ಸರ್ಕಾರದ ವಿಷಶಾಸ್ತ್ರ ಸಮಿತಿ ಹೇಳಿತು. ನೊಂದ ಜನ ಅದನ್ನು ಒಪ್ಪಲಿಲ್ಲ.

ನಿಜವಾಗಿ ಎಚ್ಚರ ಬೇಕಾದವರು

ಮೊದಲನೆಯವರು ಕಿಡ್ನಿ ಸೋತವರು. ಡಯಾಲಿಸಿಸ್ ನೀರು ಸರಿಯಿದ್ದರೂ ಅಪಾಯ ಔಷಧದ ಪೆಟ್ಟಿಗೆಯಿಂದ ಬರಬಹುದು. ಎದೆಯುರಿಗೆ ತೆಗೆದುಕೊಳ್ಳುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ದ್ರವ, ಹೊಟ್ಟೆಹುಣ್ಣಿನ ಸುಕ್ರಾಲ್ಫೇಟ್ (ಒಂದು ಗ್ರಾಂನಲ್ಲಿ ಸುಮಾರು 200 ಮಿಲಿಗ್ರಾಂ ಅಲ್ಯೂಮಿನಿಯಂ), ಹಳೆಯ ಫಾಸ್ಫೇಟ್ ಬೈಂಡರ್‌ಗಳು (ಊಟದ ಫಾಸ್ಫೇಟನ್ನು ಕರುಳಿನಲ್ಲೇ ಹಿಡಿದಿಡುವ ಔಷಧಗಳು) ಇವರಿಗೆ ನಿತ್ಯದ ಔಷಧವಾಗಬಾರದು. ಫಾಸ್ಫೇಟ್ ತೀರಾ ಏರಿದಾಗ ಅಲ್ಯೂಮಿನಿಯಂ ಬೈಂಡರ್ ಕೊಡಲೇಬೇಕಾದರೂ ನಾಲ್ಕು ವಾರಗಳ ಒಂದೇ ಕಂತಿಗೆ ನಿಲ್ಲಿಸಿ, ಸೆವೆಲಮರ್, ಲ್ಯಾಂಥನಮ್ ಅಥವಾ ಕ್ಯಾಲ್ಸಿಯಂ ಬೈಂಡರ್‌ಗೆ ಬದಲಿಸುವುದು ಕ್ರಮ.

ಇದಕ್ಕಿಂತ ಅಪಾಯದ ಜೋಡಿ ಅಲ್ಯೂಮಿನಿಯಂ ಮತ್ತು ಸಿಟ್ರೇಟ್. ಸಿಟ್ರೇಟ್ ಅಲ್ಯೂಮಿನಿಯಂ ಅನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಟ್ಟು, ಕರುಳಿನ ಕೋಶಗಳ ಸಂದುಗಳನ್ನು ಸಡಿಲಿಸಿ, ಹೀರಿಕೆಯನ್ನು ಹಲವು ಪಟ್ಟು ಏರಿಸುತ್ತದೆ. ಕಿಡ್ನಿ ವೈಫಲ್ಯವಿದ್ದವರಿಗೆ ರಕ್ತದ ಆಮ್ಲತೆ ತಗ್ಗಿಸಲು ಸಿಟ್ರೇಟ್ ದ್ರವ, ಫಾಸ್ಫೇಟಿಗೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಎರಡೂ ಒಟ್ಟಿಗೆ ಬರೆದುಕೊಟ್ಟಾಗ 1980ರ ದಶಕದಲ್ಲಿ ವಾರಗಳೊಳಗೆ ಸಾವುಗಳಾದವು. ಕಿಡ್ನಿ ಕಲ್ಲಿಗೆ ಕೊಡುವ ಪೊಟ್ಯಾಸಿಯಂ ಸಿಟ್ರೇಟ್, ನೀರಿಗೆ ಹಾಕಿದರೆ ಬುಸುಗುಟ್ಟುವ ಮಾತ್ರೆಗಳು, ನಿಂಬೆ ಜಾತಿಯ ಹಣ್ಣಿನ ರಸ, ಎಲ್ಲದರಲ್ಲೂ ಸಿಟ್ರೇಟ್ ಇದೆ. ಆರೋಗ್ಯವಂತರೂ ಅಲ್ಯೂಮಿನಿಯಂ ಇರುವ ಆಮ್ಲಶಾಮಕವನ್ನು ಇವುಗಳೊಂದಿಗೆ ನುಂಗದಿರುವುದು ಲೇಸು.

ಎರಡನೆಯವರು ಅವಧಿಗೆ ಮುಂಚೆ ಹುಟ್ಟಿದ, ರಕ್ತನಾಳದ ಮೂಲಕ ಪೋಷಣೆ ಪಡೆಯುವ ಶಿಶುಗಳು. ಇಲ್ಲಿ ಕರುಳೆಂಬ ಕಾವಲು ಇಲ್ಲ, ಕಿಡ್ನಿ ಇನ್ನೂ ಬಲಿತಿಲ್ಲ. 1997ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗದಲ್ಲಿ 227 ಶಿಶುಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ವಾಡಿಕೆಯ ದ್ರಾವಣ, ದಿನಕ್ಕೆ ದೇಹತೂಕದ ಕಿಲೋಗೆ ಸುಮಾರು 45 ಮೈಕ್ರೋಗ್ರಾಂ ಅಲ್ಯೂಮಿನಿಯಂ. ಇನ್ನೊಂದಕ್ಕೆ 4ರಿಂದ 5. ಹದಿನೆಂಟು ತಿಂಗಳಿಗೆ ಬುದ್ಧಿ ಬೆಳವಣಿಗೆ ಅಳೆದಾಗ, ವಾಡಿಕೆಯ ದ್ರಾವಣ ಪಡೆದವರಲ್ಲಿ ಪ್ರತಿ ದಿನದ ಪೋಷಣೆಗೆ ಒಂದು ಅಂಕದಂತೆ ಇಳಿಕೆ ಕಂಡಿತು. ಲೆಕ್ಕ ಹಾಕಿ: ಒಂದೂವರೆ ಕಿಲೋ ತೂಕದ ಮಗುವಿನ ರಕ್ತಕ್ಕೆ ದಿನಕ್ಕೆ 67 ಮೈಕ್ರೋಗ್ರಾಂ, 60 ಕಿಲೋ ತೂಗುವ ವಯಸ್ಕರ ರಕ್ತಕ್ಕೆ ಊಟದಿಂದ 10. ಇಷ್ಟೊಂದು ಬಂದದ್ದು ಹೆಚ್ಚಾಗಿ ಕ್ಯಾಲ್ಸಿಯಂ ಗ್ಲುಕೋನೇಟ್‌ನಿಂದ, ಅದನ್ನು ತುಂಬಿದ ಗಾಜಿನ ಸೀಸೆಯಿಂದ. ಗ್ಲುಕೋನೇಟ್ ಗಾಜಿನೊಳಗಿನ ಅಲ್ಯೂಮಿನಿಯಂ ಅನ್ನು ನಿಧಾನಕ್ಕೆ ಎಳೆದುಕೊಳ್ಳುತ್ತದೆ, ಸೀಸೆ ಹಳತಾದಷ್ಟೂ ಹೆಚ್ಚು. ಪ್ಲಾಸ್ಟಿಕ್ ಸೀಸೆಗೆ ಬದಲಿಸಿದರೆ ಬಹುಪಾಲು ಇಳಿಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ದಿನಕ್ಕೆ ಕಿಲೋಗೆ 5 ಮೈಕ್ರೋಗ್ರಾಂ ದಾಟಬಾರದೆಂಬ ಎಚ್ಚರಿಕೆಯನ್ನು ಲೇಬಲ್ಲಿನಲ್ಲಿ ಕಡ್ಡಾಯ ಮಾಡಿದ್ದು 2004ರಿಂದ. ಹಲವು ಉತ್ಪನ್ನ ಬೆರೆಸಿದಾಗ ಈ ಮಿತಿಯೊಳಗೆ ಉಳಿಯುವುದು ಇಂದಿಗೂ ಸುಲಭವಲ್ಲ. ಪಾತ್ರೆಯ ಬಗ್ಗೆ ಓಡಾಡುವ ಸಂದೇಶಗಳ ನೂರರಲ್ಲಿ ಒಂದು ಪಾಲು ಗಮನ ಈ ಗಾಜಿನ ಸೀಸೆಗೆ ಸಿಕ್ಕಿದ್ದರೂ ಸಾಕಿತ್ತು.

ಮೂರನೆಯವರು ಅಲ್ಯೂಮಿನಿಯಂ ಬೆಸುಗೆ ಹಾಕುವವರು, ಪುಡಿ ತಯಾರಿಸುವವರು, ಕರಗಿಸುವ ಕುಲುಮೆಗಳಲ್ಲಿ ದುಡಿಯುವವರು. ಬೆಸುಗೆಯ ಹೊಗೆಯಲ್ಲಿನ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದಲ್ಲಿ ನೆಲೆಸಿ ವರ್ಷಗಟ್ಟಲೆ ಕರಗುತ್ತಿರುತ್ತವೆ. ಹೀಗಾಗಿ ಎರಡು ದಿನ ರಜೆ ಕಳೆದು ಬಂದ ಬೆಳಗ್ಗೆ ಮೂತ್ರದಲ್ಲಿ ಸಿಗುವ ಅಲ್ಯೂಮಿನಿಯಂ ದೇಹದೊಳಗಿನ ದಾಸ್ತಾನನ್ನು ಚೆನ್ನಾಗಿ ಸೂಚಿಸುತ್ತದೆ. ಫಿನ್ಲೆಂಡಿನ ಬೆಸುಗೆಗಾರರ ಅಧ್ಯಯನದಲ್ಲಿ ಮೂತ್ರದ ಮಟ್ಟ ಲೀಟರಿಗೆ 110ರಿಂದ 160 ಮೈಕ್ರೋಗ್ರಾಂ ದಾಟಿದವರಲ್ಲಿ ಗಮನ ಮತ್ತು ಕ್ಷಣಿಕ ನೆನಪಿನ ಪರೀಕ್ಷೆಗಳು ಕುಂದಿದ್ದವು. ಅಂಥ ಮಟ್ಟ ಬಂದ ಮೇಲೆ ಔಷಧ ಹುಡುಕುವುದು ತಡವಾದ ಮಾತು. ಹೊಗೆ ಹುಟ್ಟುವ ಜಾಗದಲ್ಲೇ ಅದನ್ನು ಎಳೆದೊಗೆಯುವ ಹೀರುಕೊಳವೆ ಮತ್ತು ಶುದ್ಧಗಾಳಿ ಊದುವ ಮುಖಕವಚ ಮುಂಚೆಯೇ ಬೇಕಿತ್ತು. ಕೆನಡಾದ ಗಣಿಗಳಲ್ಲಿ 1943ರಿಂದ 1979ರವರೆಗೆ ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ತಡೆಯಲೆಂದು ಕಾರ್ಮಿಕರಿಗೆ ಮ್ಯಾಕಿಂಟೈರ್ ಪೌಡರ್ ಎಂಬ ಅಲ್ಯೂಮಿನಿಯಂ ಪುಡಿಯನ್ನು ಕೊಠಡಿಯಲ್ಲಿ ಕೂಡಿಹಾಕಿ ಉಸಿರಾಡಿಸುತ್ತಿದ್ದರು. 1990ರಲ್ಲಿ ಪ್ರಕಟವಾದ ಅವರ ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಕುಂದು ಕಂಡಿತು. 2020ರ ಹೊತ್ತಿನ ವಿಶ್ಲೇಷಣೆಯಲ್ಲಿ ಎದ್ದು ಕಂಡದ್ದು ಪಾರ್ಕಿನ್‌ಸನ್ಸ್.

ತಲೆಬುರುಡೆಯ ಶಸ್ತ್ರಚಿಕಿತ್ಸೆಯಲ್ಲಿ ಅಲ್ಯೂಮಿನಿಯಂ ಇರುವ ಮೂಳೆಸಿಮೆಂಟ್ ಮೆದುಳಿನ ದ್ರವಕ್ಕೆ ತಾಗಿ ಸಾವು ತಂದದ್ದುಂಟು. ಮೂತ್ರಕೋಶದ ರಕ್ತಸ್ರಾವ ನಿಲ್ಲಿಸಲು ಪಟಿಕದ ದ್ರಾವಣದಿಂದ ತೊಳೆದಾಗ, ಕಿಡ್ನಿ ಸರಿಯಿಲ್ಲದವರ ಮೆದುಳಿಗೆ ಪೆಟ್ಟು ಬಿದ್ದದ್ದೂ ಉಂಟು.

ಪಾತ್ರೆ, ಬೆವರುತಡೆ, ಲಸಿಕೆ

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ವಾರಕ್ಕೆ ದೇಹತೂಕದ ಕಿಲೋಗೆ 1 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಸಂಸ್ಥೆಯ ಜಂಟಿ ಸಮಿತಿಯದು 2. ಒಳ್ಳೆಯ ಪಾತ್ರೆಯಲ್ಲಿ ಸಪ್ಪೆ ಅಡುಗೆ ಮಾಡಿದರೆ ಈ ಮಿತಿಗೆ ಸೇರುವುದು ಅತ್ಯಲ್ಪ. ಹುಳಿ ಮತ್ತು ಉಪ್ಪು ಎರಡೂ ಇದ್ದು, ತುಂಬಾ ಹೊತ್ತು ಕುದಿಸಿ, ಮೇಲಾಗಿ ಅದರಲ್ಲೇ ರಾತ್ರಿಯಿಡೀ ಇಟ್ಟರೆ ಹೆಚ್ಚು ಕರಗುತ್ತದೆ. ಲೋಹದ ಮೈಮೇಲೆ ತಾನಾಗಿ ಬೆಳೆಯುವ ಆಕ್ಸೈಡ್ ಪದರವೇ ಅದರ ರಕ್ಷೆ. ಒರಟು ನಾರಿನಿಂದ ಫಳಫಳ ಹೊಳೆಯುವಂತೆ ಉಜ್ಜಿದರೆ ಆ ರಕ್ಷೆಯೇ ಹೋಗುತ್ತದೆ.

ನಿಜಕ್ಕೂ ಕೆಟ್ಟವು ಗುಜರಿ ಲೋಹ ಕರಗಿಸಿ ಎರಕ ಹೊಯ್ದ ಪಾತ್ರೆಗಳು. ಹತ್ತು ದೇಶಗಳಿಂದ ತಂದ ಇಂಥ 42 ಪಾತ್ರೆಗಳಲ್ಲಿ ತೆಳು ಹುಳಿದ್ರಾವಣವನ್ನು ಎರಡು ಗಂಟೆ ಕುದಿಸಿದ 2017ರ ಅಧ್ಯಯನದಲ್ಲಿ ಒಂದು ಬಡಿಸುವಿಕೆಗೆ ಸರಾಸರಿ 125 ಮಿಲಿಗ್ರಾಂ ಅಲ್ಯೂಮಿನಿಯಂ ಬಂತು. ಮೂರರಲ್ಲಿ ಒಂದು ಪಾತ್ರೆಯಿಂದ ಅಪಾಯದ ಮಟ್ಟದ ಸೀಸವೂ ಬಂತು. ಮಕ್ಕಳ ಮೆದುಳಿನ ವಿಷಯದಲ್ಲಿ ನಾನು ಹೆಚ್ಚು ಹೆದರುವುದು ಆ ಸೀಸಕ್ಕೆ. ಒಳಮೈಗೆ ಲೇಪನ ಮಾಡಿದಾಗ ಅಲ್ಯೂಮಿನಿಯಂ ಶೇಕಡಾ 98ಕ್ಕೂ ಹೆಚ್ಚು ಇಳಿಯಿತು. ಹುಳಿ ಅಡುಗೆಗೆ ಸ್ಟೀಲ್ ಅಥವಾ ಆನೊಡೈಸ್ ಮಾಡಿದ (ಆಕ್ಸೈಡ್ ಪದರ ದಪ್ಪಗೊಳಿಸಿದ) ಪಾತ್ರೆ, ಉಳಿದದ್ದನ್ನು ಗಾಜಿಗೋ ಸ್ಟೀಲಿಗೋ ಬಗ್ಗಿಸಿಡುವುದು, ಹುಳಿಪದಾರ್ಥಕ್ಕೆ ಫಾಯಿಲ್ ಸುತ್ತದಿರುವುದು: ಅಡುಗೆಮನೆಯ ಪಾಲಿನ ಎಚ್ಚರ ಇಷ್ಟೇ. ಬೇಕಿಂಗ್ ಪೌಡರ್ ಕೊಳ್ಳುವಾಗ ಸೋಡಿಯಂ ಅಲ್ಯೂಮಿನಿಯಂ ಫಾಸ್ಫೇಟ್ ಇದೆಯೇ ಎಂದು ಲೇಬಲ್ ನೋಡಬಹುದು.

ಬೆವರುತಡೆಯ ಅಲ್ಯೂಮಿನಿಯಂ ಚರ್ಮ ದಾಟುವುದು ಶೇಕಡಾ 0.01 ಅಥವಾ ಅದಕ್ಕಿಂತ ಬಹಳ ಕಡಿಮೆ. ಲಸಿಕೆಗಳಲ್ಲಿ ಒಂದು ಡೋಸಿಗೆ ಒಂದು ಮಿಲಿಗ್ರಾಂ ಆಸುಪಾಸಿನ ಮಿತಿ ಇದೆ. ಡೆನ್ಮಾರ್ಕಿನ ಸುಮಾರು 12 ಲಕ್ಷ ಮಕ್ಕಳ ದಾಖಲೆ ನೋಡಿದ 2025ರ ಅಧ್ಯಯನ, ಲಸಿಕೆಯ ಅಲ್ಯೂಮಿನಿಯಂಗೂ ಐವತ್ತು ಬಗೆಯ ಕಾಯಿಲೆಗಳಿಗೂ ಅಪಾಯ ಹೆಚ್ಚಿಸುವ ನಂಟು ಕಾಣಲಿಲ್ಲ.

ಅಳೆಯುವಾಗ ಆಗುವ ತಪ್ಪು

ಅಲ್ಯೂಮಿನಿಯಂ ಎಲ್ಲೆಡೆ ಇರುವುದರಿಂದ ರಕ್ತದ ಮಾದರಿಗೂ ಅದು ಹೊರಗಿನಿಂದ ಸೇರುತ್ತದೆ. ಸಾಮಾನ್ಯ ನಳಿಕೆಯ ರಬ್ಬರ್ ಮುಚ್ಚಳದಲ್ಲೇ ಅಲ್ಯೂಮಿನಿಯಂ ಸಿಲಿಕೇಟ್ ಇರಬಹುದು. ಸೂಕ್ಷ್ಮಧಾತು ಪರೀಕ್ಷೆಗೆಂದೇ ಇರುವ ಕಡುನೀಲಿ ಮುಚ್ಚಳದ ನಳಿಕೆ ಬೇಕು, ಜೆಲ್ ಇರಬಾರದು, ಮೊದಲು ಬೇರೆ ನಳಿಕೆಗೆ ಸ್ವಲ್ಪ ರಕ್ತ ತೆಗೆದು ಆಮೇಲೆ ಇದಕ್ಕೆ ತುಂಬಬೇಕು. ಆಮ್ಲಶಾಮಕ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೂ ಪ್ರಯೋಗಾಲಯಕ್ಕೂ ಹೇಳಬೇಕು. ಅನಿರೀಕ್ಷಿತವಾಗಿ ಏರಿದ ಒಂದು ಅಂಕಿ ಬಂದರೆ ಮೊದಲ ಹೆಜ್ಜೆ ಚಿಕಿತ್ಸೆಯಲ್ಲ, ಸರಿಯಾದ ನಳಿಕೆಯಲ್ಲಿ ಮರುಪರೀಕ್ಷೆ. ಅಂಕಿಯ ಜೊತೆಗಿನ ಅಳತೆಯ ಏಕಮಾನವನ್ನೂ ಗಮನಿಸಿ: 1 ಮೈಕ್ರೋಮೋಲ್ ಎಂದರೆ 27 ಮೈಕ್ರೋಗ್ರಾಂ.

ಡಯಾಲಿಸಿಸ್ ರೋಗಿಗಳಲ್ಲಿ ರಕ್ತದ ಮಟ್ಟ ಲೀಟರಿಗೆ 20 ಮೈಕ್ರೋಗ್ರಾಂ ಕೆಳಗಿರಬೇಕು. ವರ್ಷಕ್ಕೊಮ್ಮೆ, ಅಲ್ಯೂಮಿನಿಯಂ ಔಷಧ ಪಡೆಯುತ್ತಿದ್ದರೆ ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಅಂಕಿಗಿಂತ ಮುಂಚೆ ದೇಹವೇ ಸುಳಿವು ಕೊಡುವುದುಂಟು: ಕಬ್ಬಿಣ ಸಾಕಷ್ಟಿದ್ದೂ ಕೆಂಪುರಕ್ತಕಣ ಸಣ್ಣಗಾಗುವ ರಕ್ತಹೀನತೆ, ಮೂಳೆನೋವು, ಮುರಿತ, ಡಯಾಲಿಸಿಸ್ ಆದ ಮೇಲೆ ತೊದಲುವ ಮಾತು.

ಕೂದಲ ಪರೀಕ್ಷೆ ಇಲ್ಲಿ ನಂಬಲರ್ಹವಲ್ಲ. ಲೋಹ ಹಿಡಿಯುವ ಔಷಧ ಕೊಟ್ಟು ಆಮೇಲೆ ಮೂತ್ರ ಅಳೆದು, ಔಷಧವಿಲ್ಲದ ಸಾಮಾನ್ಯ ಮಟ್ಟಕ್ಕೆ ಹೋಲಿಸುವ ಪರೀಕ್ಷೆಯಂತೂ ಮೋಸ. ಆ ಔಷಧ ಕೊಟ್ಟರೆ ಯಾರ ಮೂತ್ರದಲ್ಲಾದರೂ ಲೋಹ ಏರುತ್ತದೆ.

ಚಿಕಿತ್ಸೆ: ಯಾರಿಗೆ, ಎಷ್ಟು, ಯಾವಾಗ ಬೇಡ

ಮೊದಲು ಮೂಲ ನಿಲ್ಲಿಸಬೇಕು. ನೀರು, ಔಷಧ, ಪಂಪು, ಸಾಂದ್ರ ದ್ರಾವಣ ಒಂದೊಂದನ್ನೂ ಹುಡುಕಬೇಕು. ಕಿಡ್ನಿ ಸರಿಯಿದ್ದವರಲ್ಲಿ ಇಷ್ಟೇ ಬಹುತೇಕ ಸಾಕು, ರಕ್ತದ ಮಟ್ಟ ತಾನಾಗಿ ಇಳಿಯುತ್ತದೆ.

ಕಿಡ್ನಿ ಸೋತವರಲ್ಲಿ ವಿಷಬಾಧೆ ಖಚಿತವಾದರೆ ಔಷಧ ಡೆಸ್ಫೆರಿಯೊಕ್ಸಮೈನ್. ಅದು ರಕ್ತ ಮತ್ತು ಅಂಗಾಂಶದ ಅಲ್ಯೂಮಿನಿಯಂ ಅನ್ನು ಹಿಡಿದು, ಡಯಾಲಿಸಿಸ್ ಪೊರೆ ದಾಟಬಲ್ಲ ರೂಪಕ್ಕೆ ತರುತ್ತದೆ. 100 ಮಿಲಿಗ್ರಾಂ ಔಷಧ ಹೆಚ್ಚೆಂದರೆ 4.1 ಮಿಲಿಗ್ರಾಂ ಅಲ್ಯೂಮಿನಿಯಂ ಹಿಡಿಯಬಲ್ಲದು. ಅಮೆರಿಕದ ರಾಷ್ಟ್ರೀಯ ಕಿಡ್ನಿ ಪ್ರತಿಷ್ಠಾನದ ಮಾರ್ಗಸೂಚಿಯ ಕ್ರಮ ಹೀಗಿದೆ. ರಕ್ತದ ಮಟ್ಟ 60ರಿಂದ 200 ಮೈಕ್ರೋಗ್ರಾಂ ಇದ್ದು ಲಕ್ಷಣಗಳಿದ್ದರೆ ಕಿಲೋಗೆ 5 ಮಿಲಿಗ್ರಾಂ ಔಷಧವನ್ನು ಡಯಾಲಿಸಿಸ್‌ನ ಕೊನೆಯ ಗಂಟೆಯಲ್ಲಿ ಕೊಟ್ಟು, ಎರಡು ದಿನದ ಬಳಿಕ ಮುಂದಿನ ಸರದಿಗೆ ಮುಂಚೆ ಮತ್ತೆ ಅಳೆಯುತ್ತಾರೆ. 50 ಮೈಕ್ರೋಗ್ರಾಂ ಅಥವಾ ಹೆಚ್ಚು ಏರಿದರೆ ದೇಹದಲ್ಲಿ ದಾಸ್ತಾನಿದೆ ಎಂದರ್ಥ. ಆಗ ವಾರಕ್ಕೊಮ್ಮೆ ಅದೇ ಪ್ರಮಾಣ ಎರಡು ತಿಂಗಳು. ಏರಿಕೆ 300 ದಾಟಿದರೆ ಅಥವಾ ಪರೀಕ್ಷೆಯಲ್ಲೇ ಅಡ್ಡಪರಿಣಾಮ ಕಂಡರೆ, ಔಷಧ ಕೊಟ್ಟ ಐದು ಗಂಟೆಗೆ ಡಯಾಲಿಸಿಸ್ ಮಾಡಿ ಕಟ್ಟುಬಿದ್ದ ಲೋಹವನ್ನು ಬೇಗ ತೆಗೆಯುತ್ತಾರೆ, ನಾಲ್ಕು ತಿಂಗಳವರೆಗೆ.

ಇಲ್ಲಿ ಅವಸರ ಕೊಲ್ಲುತ್ತದೆ. ಮಟ್ಟ 200 ದಾಟಿರುವಾಗ ನೇರವಾಗಿ ಈ ಔಷಧ ಕೊಟ್ಟರೆ ಮೂಳೆಯಲ್ಲಿ ಕೂತ ಅಲ್ಯೂಮಿನಿಯಂ ಒಮ್ಮೆಲೇ ರಕ್ತಕ್ಕೆ ಇಳಿದು ಮೆದುಳಿಗೆ ನುಗ್ಗುತ್ತದೆ. ಫಿಟ್ಸ್, ಪ್ರಜ್ಞಾಹೀನತೆ, ಸಾವು ಕೂಡ ಆಗಿವೆ. ಅಂಥವರಿಗೆ ಮೊದಲು ವಾರಕ್ಕೆ ಆರು ದಿನ, ಹೆಚ್ಚು ಸೋಸುವ ಪೊರೆಯಿಂದ, ಲೀಟರಿಗೆ 5 ಮೈಕ್ರೋಗ್ರಾಂಗಿಂತ ಕಡಿಮೆ ಅಲ್ಯೂಮಿನಿಯಂ ಇರುವ ದ್ರಾವಣದಿಂದ ಡಯಾಲಿಸಿಸ್. ನಾಲ್ಕರಿಂದ ಆರು ವಾರ ಕಳೆದ ಮೇಲಷ್ಟೇ ಔಷಧದ ಮಾತು. ಹಿಂದೆ ಕಿಲೋಗೆ 40 ಮಿಲಿಗ್ರಾಂವರೆಗೆ ಕೊಡುತ್ತಿದ್ದ ಕಾಲದಲ್ಲಿ ಮ್ಯೂಕರ್‌ಮೈಕೋಸಿಸ್ ಎಂಬ ಮಾರಕ ಶಿಲೀಂಧ್ರ ಸೋಂಕು ಕಾಣಿಸಿಕೊಂಡಿತು. ಔಷಧ ಕಬ್ಬಿಣವನ್ನೂ ಹಿಡಿಯುತ್ತದೆ, ಆ ಕಬ್ಬಿಣವನ್ನು ಈ ಶಿಲೀಂಧ್ರ ಊಟದಂತೆ ಬಳಸಿಕೊಳ್ಳುತ್ತದೆ. ಕಣ್ಣು, ಕಿವಿಗೂ ಹಾನಿಯಾಗಬಹುದಾದ್ದರಿಂದ ಚಿಕಿತ್ಸೆಗೆ ಮುಂಚೆ ಎರಡನ್ನೂ ಪರೀಕ್ಷಿಸುತ್ತಾರೆ.

ಇಡಿಟಿಎ ಎಂಬ, ಲೋಹ ಹಿಡಿಯುವ ಇನ್ನೊಂದು ಔಷಧದ ಹನಿಚಿಕಿತ್ಸೆ ಸೀಸಕ್ಕೆ ಮದ್ದು. ಅಲ್ಯೂಮಿನಿಯಂ ಮೇಲೆ ಅದರ ಹಿಡಿತ ಡೆಸ್ಫೆರಿಯೊಕ್ಸಮೈನ್‌ಗಿಂತ ಬಹಳ ದುರ್ಬಲ. ಕ್ಯಾಲ್ಸಿಯಂ ಇರುವ ಇಡಿಟಿಎ ಬದಲು ಡೈಸೋಡಿಯಂ ಇಡಿಟಿಎ ಕೊಟ್ಟಾಗ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯ ನಿಂತ ಪ್ರಕರಣಗಳು 2003ರಿಂದ 2005ರ ನಡುವೆ ಅಮೆರಿಕದಲ್ಲಿ ವರದಿಯಾದವು, ಮಕ್ಕಳಲ್ಲೂ.

ಸಿಲಿಕಾ ಇರುವ ನೀರಿನ ಹಿಂದೆ ತರ್ಕವಿದೆ: ಸಿಲಿಸಿಕ್ ಆಮ್ಲ ಅಲ್ಯೂಮಿನಿಯಂ ಜೊತೆ ಸೇರಿ ಅದನ್ನು ಮೂತ್ರದ ದಾರಿ ಹಿಡಿಸುತ್ತದೆ. 15 ಅಲ್ಜೀಮರ್ಸ್ ರೋಗಿಗಳು ದಿನಕ್ಕೆ ಒಂದು ಲೀಟರ್‌ವರೆಗೆ 12 ವಾರ ಕುಡಿದು ನೋಡಿದ ಪ್ರಯೋಗ ನಡೆದಿದೆ, ಆದರೆ ಹೋಲಿಕೆಗೆ ಪ್ಲಸೀಬೊ (ಹುಸಿಮದ್ದು) ಗುಂಪಿರಲಿಲ್ಲ. ಕುಡಿದರೆ ಕೇಡಿಲ್ಲ, ನೆನಪು ಮರಳುತ್ತದೆ ಎನ್ನಲು ಆಧಾರವಿಲ್ಲ. ಅರಿಸಿನದ ಕರ್ಕ್ಯುಮಿನ್, ಮೆಲಟೋನಿನ್, ವಿಟಮಿನ್ ಇ ಕುರಿತ ಸುದ್ದಿಗಳಂತೂ ಬಹುಪಾಲು ಇಲಿಗಳಿಂದ ಬಂದವು. ಇಂಥ ಪ್ರಯೋಗಗಳಲ್ಲಿ ದಿನಕ್ಕೆ ಕಿಲೋಗೆ 100 ಮಿಲಿಗ್ರಾಂ ಅಲ್ಯೂಮಿನಿಯಂ ಕ್ಲೋರೈಡ್ ಕೊಡುವುದು ವಾಡಿಕೆ. ಅದರಲ್ಲಿ ಅಲ್ಯೂಮಿನಿಯಂ 20 ಮಿಲಿಗ್ರಾಂ. 60 ಕಿಲೋ ಮನುಷ್ಯನ ತೂಕಕ್ಕೆ ಗುಣಿಸಿದರೆ ದಿನಕ್ಕೆ 1,200 ಮಿಲಿಗ್ರಾಂ, ಯುರೋಪಿನ ಮಿತಿಯ ಸುಮಾರು 140 ಪಟ್ಟು. ಆ ಪ್ರವಾಹಕ್ಕೆ ಒಡ್ಡಿದ ಒಡ್ಡು ನಮ್ಮ ತೊಟ್ಟಿಕ್ಕುವ ನಲ್ಲಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಉಳಿದದ್ದು ಅಲ್ಜೀಮರ್ಸ್‌ನಲ್ಲಿ ಲೋಹ ತೆಗೆಯುವ ಪ್ರಯತ್ನ. 1991ರಲ್ಲಿ ಕೆನಡಾದಲ್ಲಿ 48 ರೋಗಿಗಳ ಪ್ರಯೋಗ ನಡೆಯಿತು. ಚಿಕಿತ್ಸೆಯ ಗುಂಪಿಗೆ ಡೆಸ್ಫೆರಿಯೊಕ್ಸಮೈನ್ 125 ಮಿಲಿಗ್ರಾಂ ದಿನಕ್ಕೆರಡು ಬಾರಿ, ವಾರಕ್ಕೆ ಐದು ದಿನ, ಎರಡು ವರ್ಷ. ದಿನನಿತ್ಯದ ಕೆಲಸ ಮಾಡುವ ಶಕ್ತಿ ಕುಂದುವ ವೇಗ ಚಿಕಿತ್ಸೆ ಇಲ್ಲದವರಲ್ಲಿ ದುಪ್ಪಟ್ಟಿತ್ತು. ಮೂವತ್ತು ವರ್ಷ ಕೀಲೇಶನ್ (ಔಷಧದಿಂದ ಲೋಹ ತೆಗೆಯುವ ಚಿಕಿತ್ಸೆ) ಮಾರಾಟಗಾರರು ಉಲ್ಲೇಖಿಸುತ್ತ ಬಂದದ್ದು ಇದನ್ನೇ. ಯಾರೂ ದೊಡ್ಡ ಪ್ರಮಾಣದಲ್ಲಿ ಅದನ್ನು ಮತ್ತೆ ಸಾಧಿಸಿ ತೋರಿಸಲಿಲ್ಲ. ಉಪಯೋಗವಾದದ್ದು ಅಲ್ಯೂಮಿನಿಯಂ ಹೋದದ್ದರಿಂದಲೋ ಕಬ್ಬಿಣ ಹೋದದ್ದರಿಂದಲೋ ಎಂಬುದೂ ಇತ್ಯರ್ಥವಾಗಲಿಲ್ಲ. ಕಬ್ಬಿಣದ ಪ್ರಶ್ನೆಗಂತೂ 2024ರಲ್ಲಿ ಉತ್ತರ ಬಂತು. ಡೆಫೆರಿಪ್ರೋನ್ ಎಂಬ, ಮೆದುಳಿಗೆ ಸುಲಭವಾಗಿ ತಲುಪುವ ಕಬ್ಬಿಣ ಹಿಡಿಯುವ ಮಾತ್ರೆಯನ್ನು ಆರಂಭ ಹಂತದ ಅಲ್ಜೀಮರ್ಸ್ ಇದ್ದ ರೋಗಿಗಳಿಗೆ ಒಂದು ವರ್ಷ ಕೊಟ್ಟು, ಪ್ಲಸೀಬೊ ಜೊತೆ ಹೋಲಿಸಿದರು. ಹಿಪ್ಪೊಕ್ಯಾಂಪಸ್‌ನ ಕಬ್ಬಿಣ ನಿರೀಕ್ಷೆಯಂತೆ ಇಳಿಯಿತು. ಬುದ್ಧಿಶಕ್ತಿ ಮಾತ್ರ ಔಷಧ ಪಡೆದವರಲ್ಲೇ ಹೆಚ್ಚು ಬೇಗ ಕುಸಿಯಿತು.